ಎರಡು ಎಣಿಕೆ ಹಿಂದೆ

ಮಲ್ಪೆ ಬಂದರಿನ ರಸ್ತೆಯಲ್ಲಿ ಐಸಿನ ಲಾರಿ
ಹಿಮ್ಮುಖ ಬಂದು ಕಂಬಕ್ಕೆ ತಾಗಿತಂತೆ, ಬೆಳಗಿನ ಜಾವ ಮೂರೂಕಾಲಿಗೆ.
ಯುಪಿಎಸ್ ಇತ್ತು. ಅದರ ಬ್ಯಾಟರಿಗೆ ನೀರು ಹಾಕುತ್ತಿದ್ದವರು
ನಿವೃತ್ತರಾಗಿ ಎರಡು ವರ್ಷ.

ಫೋನಿನಲ್ಲಿ ವಸಂತಿ ಮೆಂಡನ್:
"ಜನರೇಟರ್ ಹಾಕಿದ್ದೇವೆ, ಪೆಟ್ಟಿಗೆ ಏಳುವುದಿಲ್ಲ ಮಾರಾಯ್ರೆ.
ಬೋಟಿನವರು ಬಾಗಿಲಲ್ಲಿ ನಿಂತಾಗಿದೆ.
ಲೆಕ್ಕ ಎಲ್ಲ ಉಂಟಾ ಇಲ್ವಾ, ಅದೊಂದು ಹೇಳಿ."

ಅದೊಂದನ್ನು ಹೇಳಲಿಕ್ಕೆ
ಸ್ಕೂಟರು, ಕಲ್ಮಾಡಿ ಸೇತುವೆ, ಒದ್ದೆ ಮೆಟ್ಟಿಲು,
ಬೂತಾಯಿಯ ವಾಸನೆ ಹಿಡಿದ ಕೋಣೆ,
ಮೇಜಿನಡಿ ಬಗ್ಗಿದ ನಾನು, ಬಾಯಲ್ಲಿ ಟಾರ್ಚು.

ಕಪ್ಪು ಪರದೆಯ ಮೇಲೆ ಲಿನಕ್ಸ್
ಒಂದೇ ಸಾಲು ಹೇಳಿ ಸುಮ್ಮನಿತ್ತು:
ನಾಲ್ಕರಲ್ಲಿ ಎರಡು. ಸಾಲದು.

ಮಣಿಪಾಲದ ಅಂಗಡಿಯ ಹುಡುಗ ಆಗಲೇ ಫೋನಿನಲ್ಲಿ
ಮದ್ದು ಹೇಳಿಕೊಟ್ಟಿದ್ದ: ಹೊಸದಾಗಿ ಸೃಷ್ಟಿಸಿ, ಸರಿಯಾಗ್ತದೆ.
ಆ ಆಜ್ಞೆಯನ್ನು ಐಸಿನ ಚೀಟಿಯ ಬೆನ್ನಿಗೆ ಬರೆದು, ಟೈಪಿಸಿ,
ಎಂಟರ್ ಮಾತ್ರ ಒತ್ತದೆ ಕೂತಿದ್ದಳು ವಸಂತಿ.
ಯಾಕೆ ಒತ್ತಲಿಲ್ಲ ಅಂದೆ.
"ಸೃಷ್ಟಿ ಅಂದ್ರೆ ಮೊದಲು ಏನೂ ಇರಲಿಲ್ಲ ಅಂತ ಅಲ್ವಾ?"
ಇಪ್ಪತ್ತೆರಡು ವರ್ಷದಲ್ಲಿ ಯಾವ ಕೈಪಿಡಿಯೂ
ಇಷ್ಟು ಸರಿಯಾಗಿ ನನಗೆ ಹೇಳಿರಲಿಲ್ಲ.

ಮೊದಲು ಏನನ್ನೂ ಬರೆಯಬಾರದು. ಓದಬೇಕು, ಅಷ್ಟೆ.
ಪ್ರತಿ ಡಿಸ್ಕೂ ತನ್ನ ಹಣೆಯಲ್ಲಿ ಬರೆದುಕೊಂಡಿರುತ್ತದೆ
ಎಷ್ಟನೆಯ ಘಟನೆಯವರೆಗೆ ತಾನು ಜೊತೆಗಿದ್ದೆ ಎಂದು.
ಮೊದಲನೆಯದು, ೪೮೨೧೧.
ಎರಡನೆಯದೂ ಅಷ್ಟೇ.
ಮೂರನೆಯದು, ೪೮೨೦೯.
ನಾಲ್ಕನೆಯದು ೩೧೦೬೦, ಕಡೆಯ ತಾರೀಖು ಜೂನ್ ಒಂದು,
ಬೋಟುಗಳೆಲ್ಲ ದಕ್ಕೆಗೆ ಕಟ್ಟಿಕೊಂಡು ನಿಂತ ದಿನ.

ಅಂದೇ ಅದು ಬಳಗ ಬಿಟ್ಟಿತ್ತು. ಯಂತ್ರ ತಿಳಿಸಿತ್ತು ಕೂಡ,
ದಿನಕ್ಕೊಂದು ಪತ್ರ, ನಿವೃತ್ತರ ವಿಳಾಸಕ್ಕೆ.
ಉಳಿದ ಮೂರು, ಮಾತಿಲ್ಲದೆ, ನಾಲ್ಕರ ಕೆಲಸ ಮಾಡುತ್ತಿದ್ದವು.

ಕೈರಂಪಣಿ ಎಳೆಯುವಲ್ಲಿ ನೋಡಿದ್ದೇನೆ:
ಹಗ್ಗ ಹಿಡಿದ ಒಬ್ಬ ಬೀಡಿಗೆಂದು ಸರಿದರೆ
ಅವನು ಎಷ್ಟು ಎಳೆಯುತ್ತಿದ್ದ ಎಂಬುದು
ಉಳಿದವರ ಅಂಗೈಗೆ ಗೊತ್ತು.
ಒಬ್ಬನಾದರೆ ತುಂಬಿಸಬಹುದು.
ಇಬ್ಬರು ಬಿಟ್ಟರೆ ಬಲೆ ಸಮುದ್ರದ್ದು.

ಎರಡೇ ಎಣಿಕೆ ಹಿಂದೆ ಬಿದ್ದ ಮೂರನೆಯದನ್ನು
ಕ್ಷಮಿಸು ಎನ್ನುವ ಆಜ್ಞೆ ಲಿನಕ್ಸಿನಲ್ಲಿಲ್ಲ. ಇರುವುದು ಬಲವಂತ.
ಜೋಡಿಸು, ಬಲವಂತದಿಂದ.
ಬೆರಳು ಎಂಟರಿನ ಮೇಲೆ, ವಸಂತಿಯ ಉಸಿರು ನನ್ನ ಹೆಗಲಿಗೆ.
ಹಣೆಯ ೦೯ ಅಳಿದು ೧೧ ಆಯಿತು.
ಸುಳ್ಳೇ. ಆ ಎರಡರಲ್ಲಿ ನಡೆದದ್ದು ಅದಕ್ಕೆ ಗೊತ್ತಿಲ್ಲ.
ಆದರೂ ಮೂರು ಒಟ್ಟಾಗಿ ಎದ್ದು ನಿಂತವು.

ಓದಲಿಕ್ಕಷ್ಟೇ ತೆರೆದು ಲೆಕ್ಕವನ್ನೆಲ್ಲ ಬೇರೆ ಕಡೆ ಇಳಿಸಿದೆ.
ನಾಲ್ಕನೆಯದನ್ನು ಕಿತ್ತು, ತೆಂಗಿನಕಾಯಿಯ ಹಾಗೆ
ಕಿವಿಯ ಹತ್ತಿರ ಅಲುಗಿಸಿದೆ, ಸುಮ್ಮನೆ.
ಅದರ ಜಾಗಕ್ಕೆ ನನ್ನ ಚೀಲದ ಹೊಸತು.
ಶೇಕಡಾ ಸೊನ್ನೆ ಪಾಯಿಂಟ್ ನಾಲ್ಕು. ಬಾಕಿ ಐನೂರ ಅರವತ್ತು ನಿಮಿಷ.
ಚಾ ಬಂತು. ಗೋಳಿಬಜೆ ತಣ್ಣಗಿತ್ತು.

ಕರೆಂಟ್ ಹೋಗುವಾಗ ಅವಳು ಬರೆಯುತ್ತಿದ್ದ ಸಾಲು
ಅರ್ಧ ಸಿಕ್ಕಿತು: ಬೋಟಿನ ಹೆಸರುಂಟು, ಬಂಗುಡೆ ಉಂಟು,
ಬುಟ್ಟಿ ಎಷ್ಟು, ಅಲ್ಲಿ ಖಾಲಿ.
ಗಿರಿಧರ ತಿಂಗಳಾಯರು ಹತ್ತೊಂಬತ್ತು ಎಂದರು.
ವಸಂತಿ ಹದಿನೇಳು ಎಂದಳು.
ಇಬ್ಬರೂ ನನ್ನ ಮುಖ ನೋಡಿದರು.
ನಾನು ಪರದೆ ನೋಡಿದೆ. ಶೇಕಡಾ ಹನ್ನೊಂದು.

"ಎರಡು ಬುಟ್ಟಿಗೆ ಇಷ್ಟು ಮಾತಾ?"
"ಎರಡಕ್ಕೇ ಅಲ್ವಾ ಇವರು ಈಗ ಬಂದದ್ದು!"

ಹೊರಗೆ ಹೊಸ ಕಂಬಕ್ಕೆ ಗುಂಡಿ ತೋಡುತ್ತಿದ್ದರು.
ಬ್ಯಾಟರಿ ನೀರು ತರುತ್ತೇನೆಂದು
ನಾನು ಮೆಟ್ಟಿಲಿಳಿದೆ.